ಹೊಯ್ಸಳ ಕಾಲದ ‘ಕುಂಕುಮ’: ಒಂದು ಅರ್ಥವಿಮರ್ಶೆ

ಬೇಲೂರು, ಹಳೇಬೀಡು, ಅರಸೀಕೆರೆಗಳ ಶಾಸನಗಳನ್ನೂ ಆ ಕಾಲದ ಕಾವ್ಯ, ವೈದ್ಯಗ್ರಂಥಗಳನ್ನೂ ಓದುವವರು ‘ಕುಂಕುಮ’ವೆಂಬ ಶಬ್ದವನ್ನು ಹಣೆಗಿಡುವ ಕೆಂಪು ಪುಡಿಯೆಂದು ತಿಳಿದು ಮುಂದೆ ಸಾಗುವುದೇ ವಾಡಿಕೆ. ಈ ಸಲೀಸಾದ ಓದಿನಿಂದ ಆರ್ಥಿಕ ಇತಿಹಾಸಕ್ಕೆ ಒದಗುವ ನಷ್ಟ ಅಲ್ಪವಲ್ಲ.

ಸಂಸ್ಕೃತದಲ್ಲಿಯೂ ಹಳಗನ್ನಡದಲ್ಲಿಯೂ ಕುಂಕುಮವೆಂದರೆ ಮೊದಲಿಗೆ ಕೇಸರಿ; ಐರಿಸ್ ಕುಟುಂಬಕ್ಕೆ ಸೇರಿದ ಕ್ರೋಕಸ್ ಸಟೈವಸ್ ಎಂಬ ಗಿಡದ ಹೂವಿನ ಶಲಾಕಾಗ್ರ. ಹೂವೊಂದಕ್ಕೆ ಮೂರೇ ಎಳೆ. ಒಣಗಿದ ಒಂದು ಗ್ರಾಂ ಕೇಸರಿಗೆ ಸುಮಾರು 150 ಹೂಗಳು ಬೇಕು. ಬೀಜ ಕಟ್ಟದ ಈ ಗಿಡವನ್ನು ಗೆಡ್ಡೆಯಿಂದಲೇ ಬೆಳೆಸತಕ್ಕದ್ದು, ಅದೂ ಚಳಿನಾಡಿನಲ್ಲಿ. ಹೊಯ್ಸಳರ ಅಧಿರಾಜನಾಗಿದ್ದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (1076–1126) ಆಸ್ಥಾನದಲ್ಲಿ ಬಿಲ್ಹಣನು ಹೆಮ್ಮೆಯಿಂದ ನೆನೆದದ್ದು ತನ್ನ ಕಾಶ್ಮೀರದ ಈ ಬೆಳೆಯನ್ನೇ ಹೊರತು ಅರಿಸಿನದ ಪುಡಿಯನ್ನಲ್ಲ. ಬಳ್ಳಿಗಾವೆಯ ಹನ್ನೊಂದನೆಯ ಶತಮಾನದ ಶಾಸನವೊಂದು ಅಯ್ಯಾವೊಳೆ ವರ್ತಕರ ಸರಕನ್ನು ಎಣಿಸುವಾಗ ಏಲಕ್ಕಿ, ಲವಂಗ, ಕರ್ಪೂರ, ಕಸ್ತೂರಿಗಳ ಸಾಲಿನಲ್ಲಿ ಇದನ್ನು ಇರಿಸಿದೆ. ರೈಸ್ ಅವರು ಅಲ್ಲಿ ಕೇಸರಿಯೆಂದೇ ಅನುವಾದಿಸಿದ್ದು ಯುಕ್ತವಾಗಿದೆ.

ಎರಡು ಕುಂಕುಮಗಳ ರಸಾಯನವೂ ಬೇರೆ. ಕೇಸರಿಯ ಬಣ್ಣ ನೀರಿನಲ್ಲಿ ಸುಲಭವಾಗಿ ಕರಗುವ ಕ್ರೋಸಿನ್‌ನದು, ಕಹಿ ಪಿಕ್ರೋಕ್ರೋಸಿನ್‌ನದು, ಎಳೆ ಒಣಗುವಾಗ ಈ ಕಹಿದ್ರವ್ಯವೇ ಒಡೆದು ಸಫ್ರನಾಲ್ ಎಂಬ ಪರಿಮಳವಾಗುತ್ತದೆ. ಹಣೆಯ ಕುಂಕುಮವಾದರೋ ಅರಿಸಿನದ ಕರ್ಕ್ಯುಮಿನ್ ಸುಣ್ಣದ ಕ್ಷಾರಕ್ಕೆ ಕೆಂಪೇರಿದ್ದು. ಇಂದಿನ ಅಂಗಡಿಯದರಲ್ಲಿ ಕೃತಕ ಬಣ್ಣವೂ ಉಂಟು. ಆದಕಾರಣ ವೈದ್ಯಗ್ರಂಥಗಳ ಸಂಪಾದಕರ ಹೊಣೆ ಹೆಚ್ಚಿನದು. ಮುಖಕಾಂತಿಗೆ ಹೇಳಿದ ಕುಂಕುಮಾದಿ ತೈಲಕ್ಕೆ ಬೇಕಾದುದು ಕೇಸರಿ. ದಿನಕ್ಕೆ 30 ಮಿಲಿಗ್ರಾಂನಂತೆ ಖಿನ್ನತೆಯ ರೋಗಿಗಳಿಗೆ ಕೊಟ್ಟು ಈಚೆಗೆ ಇರಾನಿನಲ್ಲಿ ಪರೀಕ್ಷಿಸಿದ್ದೂ ಅದನ್ನೇ. ಅರ್ಥಕೋಶದಲ್ಲಿ ಬರಿದೆ ‘ಕುಂಕುಮ’ವೆಂದು ಬರೆದರೆ ಓದುಗನು ಭರಣಿಗೆ ಕೈಹಾಕಿಯಾನು!

ಹಾಗೆಂದು ಎಲ್ಲೆಡೆಯೂ ಕೇಸರಿಯನ್ನೇ ಕಾಣುವುದು ಇನ್ನೊಂದು ಅತಿರೇಕ. ‘ಕೇಸರ’ವು ಬಕುಳವೂ ನಾಗಕೇಸರವೂ ಆಗಬಹುದು; ಕೇಸರಿಯ ಹೆಸರಿನಲ್ಲಿ ಕುಸುಬೆಯ ಹೂವನ್ನು ಮಾರುವುದೂ ಉಂಟು. ನೆರೆಯ ಪದಗಳನ್ನು ನೋಡಿ ನಿರ್ಣಯಿಸುವುದೇ ಕ್ಷೇಮ: ಗಂಧ, ಕರ್ಪೂರ, ಕಸ್ತೂರಿಗಳ ಜೊತೆಗಿದ್ದರೆ ಕೇಸರಿ, ಅರಿಸಿನ, ಬಳೆ, ಹೂಗಳ ಜೊತೆಗಿದ್ದರೆ ಪುಡಿ.

ಅರಸೀಕೆರೆ ಹೊಯ್ಸಳರ ಕಾಲದಲ್ಲಿ ವರ್ತಕರ ಊರು. ಅಂಥಲ್ಲಿ ದೇವರ ಅಂಗಭೋಗದ ವೆಚ್ಚವನ್ನು ಅಳೆಯುವವನು ಕುಂಕುಮವನ್ನು ಹಿತ್ತಲ ಅರಿಸಿನವೆಂದು ಬಗೆದರೆ, ಕಾಶ್ಮೀರದಿಂದ ಕೈಯಿಂದ ಕೈಗೆ ದಾಟಿ ಬಂದ ಸರಕೊಂದರ ಬೆಲೆ ಲೆಕ್ಕದಿಂದಲೇ ಬಿಟ್ಟುಹೋಗುತ್ತದೆ.