ಇಂಟರ್‌ನೆಟ್ಟಿನ ಶಾನುಭೋಗ

ಜಾನ್ ಪೋಸ್ಟೆಲ್ 1998ರ ಅಕ್ಟೋಬರ್ 16ರಂದು ಹೃದಯ ಶಸ್ತ್ರಚಿಕಿತ್ಸೆಯ ತೊಡಕಿನಿಂದ ತೀರಿಕೊಂಡರು. ಆಗ ಅವರಿಗೆ 55 ವರ್ಷ. ಅಷ್ಟರಲ್ಲಾಗಲೇ ಪತ್ರಿಕೆಗಳು ಅವರಿಗೆ ಇಂಟರ್‌ನೆಟ್ಟಿನ ದೇವರು ಎಂಬ ಪಟ್ಟ ಕಟ್ಟಿದ್ದವು. ಉದ್ದ ಗಡ್ಡ, ಕಾಲಲ್ಲಿ ಸಾದಾ ಚಪ್ಪಲಿ. ಪಟ್ಟಕ್ಕೆ ವೇಷವೂ ಒಪ್ಪುವಂತಿತ್ತು. ಅಂದಿನಿಂದ ಓಡಾಡುತ್ತಿರುವ ಕಥೆ ಒಂದೇ. ಯಾರ ಹಂಗೂ ಇಲ್ಲದ ಋಷಿಯೊಬ್ಬ ಬರೀ ನಂಬಿಕೆಯ ಮೇಲೆ ಜಾಲವನ್ನು ನಡೆಸುತ್ತಿದ್ದ, ಆಮೇಲೆ ವಕೀಲರೂ ಸಮಿತಿಗಳೂ ನುಗ್ಗಿ ಎಲ್ಲ ಕೆಡಿಸಿದರು. ಕೇಳಲು ಚೆಂದ. ಆದರೆ ಪೋಸ್ಟೆಲ್ ನಿಜಕ್ಕೂ ಎಲ್ಲಿ ದೊಡ್ಡವರೋ ಅದನ್ನೇ ಈ ಕಥೆ ಮರೆಮಾಡುತ್ತದೆ.

ಹಂಗಿಲ್ಲದೆ ಎಂಬ ಮಾತನ್ನಂತೂ ಮೊದಲೇ ಬಿಟ್ಟುಬಿಡಬಹುದು. 1977ರಿಂದ ಕೊನೆಯವರೆಗೂ ಅವರು ದುಡಿದದ್ದು ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮಾಹಿತಿ ವಿಜ್ಞಾನ ಸಂಸ್ಥೆಯಲ್ಲಿ. ಅಲ್ಲಿ ಅವರ ಕೆಲಸಕ್ಕೆ ಹಣ ಬರುತ್ತಿದ್ದದ್ದು ಮುಖ್ಯವಾಗಿ ಅಮೆರಿಕದ ರಕ್ಷಣಾ ಸಂಶೋಧನೆಯ ಗುತ್ತಿಗೆಗಳಿಂದ.

ಇನ್ನು ಕೆಲಸದ ಮಾತು. ಕಂಪ್ಯೂಟರ್‌ಗಳು ಪರಸ್ಪರ ಮಾತಾಡುವ ನಿಯಮವಾದ ಟಿಸಿಪಿಯ ಮೂಲ ಕಲ್ಪನೆ ವಿಂಟ್ ಸರ್ಫ್ ಮತ್ತು ಬಾಬ್ ಕಾನ್ ಅವರದು. ಹೆಸರುಗಳ ವ್ಯವಸ್ಥೆ ಡಿಎನ್ಎಸ್ ಪಾಲ್ ಮೊಕಪೆಟ್ರಿಸ್ ಅವರದು. ಆರ್‌ಎಫ್‌ಸಿ ಎಂಬ ದಾಖಲೆ ಸರಣಿಯನ್ನು 1969ರಲ್ಲಿ ಶುರುಮಾಡಿದ್ದು ಸ್ಟೀವ್ ಕ್ರಾಕರ್. ಪೋಸ್ಟೆಲ್ ಆ ಸರಣಿಯ ಸಂಪಾದಕ. ಹತ್ತಾರು ಜನ ಅರ್ಧಂಬರ್ಧ ಬರೆದು ಕಳಿಸಿದ್ದನ್ನು ತಿದ್ದಿ, ಅರ್ಥವಾಗುವಂತೆ ಮಾಡಿ, ಸಂಖ್ಯೆ ಹಾಕಿ ಹೊರಗೆ ಬಿಡುವುದು ಅವರ ಪಾಲಿನದು. 1981ರ ಸೆಪ್ಟೆಂಬರ್‌ನಲ್ಲಿ ಬಂದ 791 ಮತ್ತು 793ನೇ ದಾಖಲೆಗಳನ್ನು, ಅಂದರೆ ಐಪಿ ಮತ್ತು ಟಿಸಿಪಿಯನ್ನು, ನೋಡಿ. ಬೇರೆ ಬೇರೆ ಊರಿನಲ್ಲಿ, ಒಬ್ಬರ ಮುಖ ಒಬ್ಬರು ನೋಡದವರು ಅವನ್ನು ಓದಿ ಬರೆದ ಪ್ರೋಗ್ರಾಂಗಳು ಒಂದರೊಡನೊಂದು ಮಾತಾಡಿದವು. ಇದರ ಜೊತೆಗೆ ಸಂಖ್ಯೆಗಳ ಲೆಕ್ಕ ಬೇರೆ: ಫೈಲ್ ಸಾಗಣೆಗೆ 21, ಇಮೇಲ್‌ಗೆ 25, ಹೆಸರು ಹುಡುಕಲು 53. ಒಂದೇ ಸಂಖ್ಯೆಯನ್ನು ಇಬ್ಬರು ಹಿಡಿದರೆ ಸಂದೇಶ ತಪ್ಪು ಬಾಗಿಲು ತಟ್ಟುತ್ತದೆ. ಇದು ದೇವರ ಕೆಲಸವಲ್ಲ, ಶಾನುಭೋಗಿಕೆ. ಹೊಲ ಯಾರದೇ ಇರಲಿ, ಪಹಣಿ ಬರೆಯುವ ಕೈ ಶುದ್ಧವಾಗಿದ್ದರೆ ಊರು ನಿದ್ದೆ ಮಾಡುತ್ತದೆ.

ಅವರ ಹೆಸರಿನಲ್ಲಿ ಜನ ಜಪಿಸುವ ಸೂತ್ರವೊಂದಿದೆ: ಕಳಿಸುವಾಗ ಬಿಗಿ, ಪಡೆಯುವಾಗ ಉದಾರ. 1980ರಲ್ಲಿ, ಟಿಸಿಪಿ ಇನ್ನೂ ಪ್ರಯೋಗದಲ್ಲಿದ್ದಾಗ, ಅದನ್ನು ಕಟ್ಟುವವರಿಗೆ ಹೇಳಿದ ಕಿವಿಮಾತು ಅದು. ಅದನ್ನು ಎಲ್ಲೆಡೆಗೂ ಎಳೆದದ್ದರ ಫಲ ಬ್ರೌಸರ್‌ಗಳಲ್ಲಿ ಕಂಡಿತು. ತಪ್ಪುತಪ್ಪಾದ ಪುಟಗಳನ್ನೂ ಅವು ನುಂಗಿಕೊಂಡವು, ಒಂದೊಂದು ಒಂದೊಂದು ರೀತಿ ಊಹಿಸಿತು. ಕೊನೆಗೆ ತಪ್ಪುಗಳನ್ನು ಓದುವುದಕ್ಕೂ ನಿಯಮ ಬರೆಯಬೇಕಾಯಿತು. 2023ರ ಆರ್‌ಎಫ್‌ಸಿ 9413 ಈ ಸೂತ್ರದ ಅಪಾಯವನ್ನೇ ಬಿಡಿಸಿ ಹೇಳುತ್ತದೆ.

ನನ್ನ ಕಣ್ಣಿಗೆ ಅವರ ಅತ್ಯುತ್ತಮ ನಿರ್ಧಾರ 1994ರ ಆರ್‌ಎಫ್‌ಸಿ 1591ರಲ್ಲಿದೆ. ಜಾಲತಾಣದ ಹೆಸರಿನ ಬಾಲವಾಗಿ ಯಾವ ದೇಶಕ್ಕೆ ಎರಡಕ್ಷರ ಕೊಡಬೇಕು? ಯಾವುದು ದೇಶ, ಯಾವುದು ಅಲ್ಲ ಎಂದು ತೀರ್ಮಾನಿಸುವ ಉಸಾಬರಿ ನಮಗೆ ಬೇಡ ಎಂದು ಪೋಸ್ಟೆಲ್ ಅದರಲ್ಲಿ ಬರೆದರು. ಐಎಸ್ಒ 3166 ಪಟ್ಟಿಯಲ್ಲಿ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ನಮ್ಮ ಡಾಟ್ ಇನ್ ಎಂಬ ಬಾಲವೂ ಅದೇ ಪಟ್ಟಿಯ ಕೂಸು. ಕೈಯಲ್ಲಿ ಅಧಿಕಾರ ಇದ್ದಾಗ ಅದನ್ನು ಬೇರೊಂದು ಪಟ್ಟಿಗೆ ಒಪ್ಪಿಸಿ ಸುಮ್ಮನಾಗುವವರು ಎಷ್ಟು ಜನ ಸಿಕ್ಕಾರು?

ಅಂಥ ಪೋಸ್ಟೆಲ್ ಅವರೇ 1998ರ ಜನವರಿ 28ರಂದು ಬೇರೆ ದಾರಿ ಹಿಡಿದರು. ಹೆಸರುಗಳ ವ್ಯವಸ್ಥೆಯ ತುದಿಯಲ್ಲಿರುವ ಮೂಲ ಸರ್ವರ್‌ಗಳಲ್ಲಿ ಎಂಟನ್ನು ನೋಡಿಕೊಳ್ಳುತ್ತಿದ್ದವರಿಗೆ ಇಮೇಲ್ ಹೋಯಿತು: ಹೆಸರುಗಳ ಮೂಲ ಕಡತವನ್ನು ಇನ್ನು ನೆಟ್‌ವರ್ಕ್ ಸೊಲ್ಯೂಷನ್ಸ್ ಕಂಪನಿಯಿಂದ ತೆಗೆದುಕೊಳ್ಳಬೇಡಿ, ನಮ್ಮಿಂದ ತೆಗೆದುಕೊಳ್ಳಿ. ಅವರೆಲ್ಲ ಒಪ್ಪಿದರು. ಕ್ಲಿಂಟನ್ ಸರ್ಕಾರದ ಸಲಹೆಗಾರ ಐರಾ ಮ್ಯಾಗಜೈನರ್ ಕಿಡಿಕಿಡಿಯಾದರು. ಇದು ಬರೀ ಪರೀಕ್ಷೆ ಎಂದರು ಪೋಸ್ಟೆಲ್. ಸುಮಾರು ಒಂದು ವಾರದಲ್ಲಿ ಎಲ್ಲ ಮೊದಲಿನಂತಾಯಿತು. ಹೆಸರುಗಳ ಆಡಳಿತದ ಬಗ್ಗೆ ಸರ್ಕಾರದ ಕರಡು ಹೊರಬಿದ್ದದ್ದು ಇಮೇಲ್ ಹೋದ ಎರಡೇ ದಿನಕ್ಕೆ, ಜನವರಿ 30ರಂದು. ಅಭಿಮಾನಿಗಳು ಇದನ್ನು ವೀರಗಾಥೆಯಂತೆ ಹಾಡುತ್ತಾರೆ. ಬಳಸುವ ಯಾರಿಗೂ ತೊಂದರೆಯಾಗಲಿಲ್ಲ ನಿಜ. ಆ ಕಂಪನಿ 1995ರಿಂದ ಹೆಸರಿಗೆ ವರ್ಷಕ್ಕೆ 50 ಡಾಲರ್ ವಸೂಲಿ ಮಾಡುತ್ತಿದ್ದದ್ದೂ ನಿಜ, ಸಿಟ್ಟಿಗೆ ಕಾರಣವಿತ್ತು. ಆದರೂ ದಫ್ತರ ಹೊತ್ತವನು ರಾತ್ರೋರಾತ್ರಿ ಅದನ್ನು ಇನ್ನೊಂದು ಮನೆಗೆ ಸಾಗಿಸಬಲ್ಲನಾದರೆ, ಅವನು ಸಜ್ಜನ ಎಂಬುದು ಸಾಲದು. ಮುಂದಿನವನು ಸಜ್ಜನನೇ ಎಂದು ಯಾರು ಜಾಮೀನು? ಹೆಸರು, ಸಂಖ್ಯೆಗಳ ಆಡಳಿತಕ್ಕೆ ಐಕ್ಯಾನ್ ಎಂಬ ಸಂಸ್ಥೆ ಬೇಕು ಎಂಬುದಕ್ಕೆ ಆ ಒಂದು ಇಮೇಲ್‌ಗಿಂತ ಬಲವಾದ ಸಾಕ್ಷಿಯನ್ನು ಯಾವ ವಕೀಲರೂ ಒದಗಿಸಲಿಲ್ಲ. ಆ ಸಂಸ್ಥೆಯನ್ನು ಕಟ್ಟಲು ದುಡಿದವರಲ್ಲಿ ಸ್ವತಃ ಪೋಸ್ಟೆಲ್ ಇದ್ದರು ಎಂಬುದನ್ನು ಋಷಿಯ ಕಥೆ ಹೇಳುವವರು ಜಾಣತನದಿಂದ ಬಿಡುತ್ತಾರೆ.

ಅವರು ಬಿಡುವ ಇನ್ನೊಂದು ಹೆಸರು ಜಾಯ್ಸ್ ರೆನಾಲ್ಡ್ಸ್. ಮಾಹಿತಿ ವಿಜ್ಞಾನ ಸಂಸ್ಥೆಯಲ್ಲಿ ಪೋಸ್ಟೆಲ್ ಜೊತೆ ದಾಖಲೆಗಳನ್ನು ತಿದ್ದಿದವರು, ಸಂಖ್ಯೆಗಳ ಲೆಕ್ಕ ಇಟ್ಟವರು ಆಕೆ. ಒಬ್ಬನೇ ದೇವರು ಎಂದ ಮೇಲೆ ಪಕ್ಕದ ಮೇಜಿನವರು ಕಾಣುವುದಾದರೂ ಹೇಗೆ? 1994ರಲ್ಲಿ ಆ ಸಂಖ್ಯೆಗಳ ಕೊನೆಯ ದೊಡ್ಡ ಪಟ್ಟಿ ಆರ್‌ಎಫ್‌ಸಿ 1700 ಆಗಿ ಬಂತು, 230 ಪುಟ. ಅದರ ಮೊದಲ ಪುಟದಲ್ಲಿ ಲೇಖಕರ ಹೆಸರು ಎರಡು, ರೆನಾಲ್ಡ್ಸ್ ಮೇಲೆ, ಪೋಸ್ಟೆಲ್ ಕೆಳಗೆ.