ಎಡಿಟ್ ಮಾಡಿದ ಶಾಸನಚಿತ್ರದ ಮೇಲೆ ಹಕ್ಕು ಯಾರದು?

ಶಾಸನಗಳ ಚಿತ್ರದ ಮೂಲೆಯಲ್ಲಿ ಕಾಪಿರೈಟ್ ಗುರುತು, ಅದರ ಪಕ್ಕ ಒಂದು ಹೆಸರು. ಇದು ಈಗ ಮಾಮೂಲು. ಆದರೆ ಎಷ್ಟೋ ಸಲ ಆ ಹೆಸರು ಫೋಟೋ ತೆಗೆದವರದ್ದಾಗಿರೋದಿಲ್ಲ. ಯಾರೋ ತೆಗೆದ ಫೋಟೋವನ್ನು ಇಳಿಸಿಕೊಂಡು, ಬಣ್ಣ ತೆಗೆದು, ಕಾಂಟ್ರಾಸ್ಟ್ ಏರಿಸಿ, ಅಕ್ಷರಗಳಿಗೆ ಬಿಳಿ ತುಂಬಿದವರ ಹೆಸರು ಅದು. ಕೇಳಿದರೆ ಉತ್ತರ ಸಿದ್ಧ: ‘ಎಡಿಟ್ ಮಾಡಿದ್ದು ನಾನು, ಕಾಪಿರೈಟ್ ನಂದು.’

ಕೈವಾರದ ಸುತ್ತಿನ ಒಂದು ವೀರಗಲ್ಲಿನ ವಿಷಯದಲ್ಲೂ ಹೀಗೇ ಆಗಿದೆ. ಕೈವಾರ ಅಂದರೆ ಜನಕ್ಕೆ ತಾತಯ್ಯನವರು ನೆನಪಾಗ್ತಾರೆ, ಭೀಮ ಬಕಾಸುರನ ಕಥೆ ನೆನಪಾಗ್ತದೆ. ಶಾಸನ ಓದುವವರಿಗೆ ಅದು ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ 10ನೇ ಸಂಪುಟದ ಸೀಮೆ. ಚಿಕ್ಕಬಳ್ಳಾಪುರ ಜಿಲ್ಲೆ ಆದದ್ದು 2007ರಲ್ಲಿ. 1905ರ ಆ ಸಂಪುಟದಲ್ಲಿ ಚಿಂತಾಮಣಿ ತಾಲ್ಲೂಕು ಕೋಲಾರದ ಜೊತೆಗಿದೆ. ಕನ್ನಡ, ತಮಿಳು, ತೆಲುಗು ಮೂರೂ ಭಾಷೆಯ ಕಲ್ಲುಗಳು ಸಿಗುವ ನೆಲ ಇದು. ಹಾಗಾಗಿ ಚಿತ್ರವನ್ನು ‘ಸ್ಪಷ್ಟ’ ಮಾಡುವವರಿಗೆ ಇಲ್ಲಿ ಒಂದಕ್ಕಿಂತ ಹೆಚ್ಚು ಲಿಪಿಯ ಪರಿಚಯ ಬೇಕು.

ಫೋಟೋ ತೆಗೆದವರು ಅಲ್ಲೇ ಹತ್ತಿರದ ಒಬ್ಬ ಶಾಲಾ ಮೇಷ್ಟ್ರು. ಆ ಕಲ್ಲಿನ ಮೇಲೆ ಬಿಸಿಲು ಓರೆಯಾಗಿ ಬೀಳೋದು ಬೆಳಿಗ್ಗೆ ಅರ್ಧ ಗಂಟೆ ಮಾತ್ರ. ಅದಕ್ಕಾಗಿ ಅವರು ಎರಡು ಮೂರು ಸಲ ಹೋಗಿದ್ದಾರೆ. ಸುಣ್ಣ ಬಳಿದಿಲ್ಲ, ಸೀಮೆಸುಣ್ಣದಲ್ಲಿ ಅಕ್ಷರ ತೀಡಿಲ್ಲ. ಬರೀ ಬೆಳಕು ನೆರಳಿನಲ್ಲಿ ಅಕ್ಷರ ಎದ್ದು ಬಂದಿರುವ, ನಾನು ನೋಡಿದ ಒಳ್ಳೆಯ ಚಿತ್ರಗಳಲ್ಲಿ ಒಂದು. ಆಮೇಲೆ ಅದೇ ಚಿತ್ರ ಕಪ್ಪು ಹಿನ್ನೆಲೆ, ಬಿಳಿ ಅಕ್ಷರ ಆಗಿ, ಮತ್ತೊಬ್ಬರ ವಾಟರ್‌ಮಾರ್ಕ್ ಹೊತ್ತು ಓಡಾಡತೊಡಗಿತು. ಮೇಷ್ಟ್ರ ಹೆಸರು ಎಲ್ಲೂ ಇಲ್ಲ.

ಹೆಸರು ಹೋಯಿತು ಅನ್ನೋದು ಒಂದು. ಇನ್ನೊಂದು ಇದಕ್ಕಿಂತ ದೊಡ್ಡದು. ವೀರನ ಹೆಸರಿನ ನಡುವಿನ ಅಕ್ಷರ ಮೂಲ ಫೋಟೋದಲ್ಲಿ ‘ಪ’. ಅದರ ಹೊಟ್ಟೆಯ ಮೇಲೆ ಓರೆಯಾಗಿ ಒಂದು ಗೀಟಿದೆ. ನಾನು ಕಲ್ಲಿನ ಹತ್ತಿರ ಹೋದಾಗ ಜಮೀನಿನವರು ಕೇಳದೇ ಹೇಳಿದರು: ‘ಸಾರ್, ಅದು ಬರವಣಿಗೆ ಅಲ್ಲ. ನಮ್ಮಪ್ಪನ ಕಾಲದಲ್ಲಿ ಕಲ್ಲು ಎತ್ತಿ ನಿಲ್ಲಿಸ್ತಾ ಹಾರೆ ತಗುಲಿದ್ದು.’ ಬೆರಳಿಟ್ಟು ನೋಡಿದರೆ ಗೊತ್ತಾಗ್ತದೆ. ಉಳಿದ ಗೆರೆಗಳೆಲ್ಲ ಸವೆದು ನುಣುಪಾಗಿವೆ, ಇದರ ಅಂಚು ಇನ್ನೂ ಚೂಪು. ಎಡಿಟ್ ಆದ ಚಿತ್ರದಲ್ಲಿ ಆ ಗಾಯಕ್ಕೂ ಉಳಿದ ಗೆರೆಗಳಷ್ಟೇ ಬಿಳಿ ತುಂಬಿದೆ. ‘ಪ’ ಹೋಗಿ ‘ಷ’ ಬಂದಿದೆ. ವೀರನಿಗೆ ಹೊಸ ನಾಮಕರಣ!

ಇಲ್ಲಿ ಕಾನೂನನ್ನು ಸ್ವಲ್ಪ ನೋಡಬೇಕು, ಯಾಕೆಂದರೆ ‘ಎಡಿಟ್ ಮಾಡಿದ್ದು ನಾನು’ ಅನ್ನುವವರು ಕಾನೂನು ತಮ್ಮ ಕಡೆ ಇದೆ ಅಂತಲೇ ನಂಬಿದ್ದಾರೆ. ಶಾಸನದ ಪಠ್ಯ ಯಾರ ಸೊತ್ತೂ ಅಲ್ಲ. ರೈಸ್ ತೀರಿಕೊಂಡದ್ದು 1927ರಲ್ಲಿ, ಅವರ ಸಂಪುಟಗಳೂ ಈಗ ಎಲ್ಲರವು. ಆದರೆ ಫೋಟೋ ಹಾಗಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಫೋಟೋದ ಕರ್ತೃ ಅದನ್ನು ತೆಗೆದ ವ್ಯಕ್ತಿ. ಕೃತಿಯನ್ನು ರೂಪಾಂತರಿಸುವ ಹಕ್ಕೂ ಕೃತಿಸ್ವಾಮ್ಯ ಇರುವವರದ್ದೇ. ಒಂದು ಕೃತಿಯನ್ನು ಮರುಜೋಡಿಸಿ ಇಲ್ಲವೇ ಮಾರ್ಪಡಿಸಿ ಬಳಸುವುದೂ ರೂಪಾಂತರವೇ ಅಂತ ಕಾಯ್ದೆಯ ವ್ಯಾಖ್ಯೆ ಸ್ಪಷ್ಟವಾಗಿ ಹೇಳ್ತದೆ. ಅಂದರೆ ಮೇಷ್ಟ್ರ ಒಪ್ಪಿಗೆ ಬೇಕಿತ್ತು. 57ನೇ ಕಲಂ ಕರ್ತೃವಿಗೆ ತನ್ನ ಹೆಸರು ಹೇಳಿಕೊಳ್ಳುವ ಹಕ್ಕನ್ನು ಬೇರೆಯಾಗಿಯೇ ಕೊಡ್ತದೆ. ಫೋಟೋದ ಜೊತೆಗಿರುವ ಹಕ್ಕಿನ ವಿವರವನ್ನು ಗೊತ್ತಿದ್ದೂ ಅಳಿಸೋದು 2012ರ ತಿದ್ದುಪಡಿಯಿಂದ ಅಪರಾಧವೂ ಹೌದು. ಸಂಶೋಧನೆಗೆ, ವಿಮರ್ಶೆಗೆ ನ್ಯಾಯವಾದ ಬಳಕೆಗೆ ಕಾಯ್ದೆ ಅವಕಾಶ ಕೊಟ್ಟಿದೆ, ನಿಜ. ಆದರೆ ಬಳಸೋದು ಬೇರೆ, ‘ನಂದು’ ಅನ್ನೋದು ಬೇರೆ.

ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಟ್ಟ ಫೋಟೋ ಅಲ್ವಾ, ಯಾರು ಬೇಕಾದರೂ ಎಡಿಟ್ ಮಾಡಬಹುದಲ್ವಾ ಅಂತ ಕೆಲವರು ಕೇಳ್ತಾರೆ. ಬಹುಪಾಲು ಮಾಡಬಹುದು. ಆದರೆ ಮೂಲದವರ ಹೆಸರು ಹಾಕಬೇಕು, ಏನು ಬದಲಾಯಿಸಿದೆವು ಅಂತ ತಿಳಿಸಬೇಕು. ‘ಶೇರ್ ಅಲೈಕ್’ ಆಗಿದ್ದರೆ ಬದಲಾಯಿಸಿದ್ದನ್ನೂ ಅದೇ ಷರತ್ತಿನಲ್ಲಿ ಬಿಡಬೇಕು. ‘ಎಲ್ಲ ಹಕ್ಕು ಕಾಯ್ದಿರಿಸಿದೆ’ ಅನ್ನೋ ಸಾಲಿಗೆ ಅಲ್ಲಿ ಜಾಗವೇ ಇಲ್ಲ.

ಇನ್ನು ಎಡಿಟ್ ಮಾಡಿದ ಶ್ರಮ. ಈಸ್ಟರ್ನ್ ಬುಕ್ ಕಂಪನಿ ಮತ್ತು ಡಿ.ಬಿ. ಮೋದಕ್ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2007ರ ಡಿಸೆಂಬರ್‌ನಲ್ಲಿ ತೀರ್ಪು ಕೊಟ್ಟಿತು. ಅದು ಫೋಟೋದ ಕೇಸಲ್ಲ, ಕೋರ್ಟಿನ ತೀರ್ಪುಗಳನ್ನು ತಿದ್ದಿ ಅಚ್ಚು ಹಾಕುವವರ ಕೇಸು. ಆದರೂ ನಮಗೆ ಬಹಳ ಹತ್ತಿರದ್ದು, ಯಾಕೆಂದರೆ ಅಲ್ಲೂ ಮೂಲಪಠ್ಯ ಸಾರ್ವಜನಿಕ. ಕಾಗುಣಿತ ತಿದ್ದಿದೆ, ಚಿಹ್ನೆ ಹಾಕಿದೆ ಅನ್ನುವಷ್ಟಕ್ಕೆ ಹಕ್ಕು ಹುಟ್ಟೋದಿಲ್ಲ, ಕೌಶಲ, ವಿವೇಚನೆ, ಕೊಂಚವಾದರೂ ಸೃಜನಶೀಲತೆ ಬೇಕು ಅಂದಿತು ಕೋರ್ಟು. ಪ್ಯಾರಾಗಳನ್ನು ವಿಂಗಡಿಸಿ ಸಂಖ್ಯೆ ಕೊಟ್ಟಂಥ ಕೆಲಸಕ್ಕೆ ಮಾತ್ರ ಮನ್ನಣೆ ಕೊಟ್ಟಿತು.

ಈ ಅಳತೆಗೋಲನ್ನು ಶಾಸನಚಿತ್ರಕ್ಕೆ ಹಿಡಿದು ನೋಡಿ. ಕಾಂಟ್ರಾಸ್ಟ್ ಏರಿಸಿದ್ದಷ್ಟೇ ಆದರೆ ಅದು ಕಾಗುಣಿತ ತಿದ್ದಿದ ಹಾಗೆ, ಹೊಸ ಹಕ್ಕು ಕೇಳುವ ಹಾಗಿಲ್ಲ. ಹಕ್ಕು ಬೇಕೇ ಬೇಕು ಅಂದರೆ ‘ನಾನು ಇಲ್ಲಿ ಏನೋ ಸೃಷ್ಟಿಸಿದ್ದೇನೆ’ ಅನ್ನಬೇಕು. ಶಾಸನದ ಚಿತ್ರದಲ್ಲಿ ಸೃಷ್ಟಿ ಅಂದರೇನು? ಅಕ್ಷರ ಸೃಷ್ಟಿ ತಾನೆ! ತನ್ನ ಎಡಿಟ್ ಎಷ್ಟು ಸೃಜನಶೀಲ ಅಂತ ಒಬ್ಬರು ವಾದಿಸಿದಷ್ಟೂ ಆ ಚಿತ್ರ ಕಲ್ಲಿಗೆ ಸಾಕ್ಷಿಯಾಗಿ ನಿಲ್ಲುವ ಯೋಗ್ಯತೆ ಕಳೆದುಕೊಳ್ತದೆ. ಗಾಯಕ ಪ್ರಿನ್ಸ್ ಅವರ ಫೋಟೋವನ್ನು ಆಂಡಿ ವಾರ್ಹಾಲ್ ಬಣ್ಣ ಹಚ್ಚಿ ಮಾರ್ಪಡಿಸಿದ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 2023ರಲ್ಲಿ ಫೋಟೋ ತೆಗೆದ ಲಿನ್ ಗೋಲ್ಡ್‌ಸ್ಮಿತ್ ಪರ ನಿಂತಿತು. ಅಲ್ಲಿನ ಕಾನೂನು ಬೇರೆ ಬಿಡಿ. ಆದರೆ ಅಲ್ಲಿ ವಾರ್ಹಾಲ್ ಕಡೆಯವರು ‘ಇದು ಹೊಸ ಅರ್ಥ’ ಅಂತ ವಾದಿಸಬಹುದಿತ್ತು. ವೀರಗಲ್ಲಿಗೆ ಹೊಸ ಅರ್ಥ ಕೊಟ್ಟೆ ಅಂತ ಹೆಮ್ಮೆಯಿಂದ ಹೇಳೋಕೆ ಆಗ್ತದಾ?

ಅಕ್ಷರ ತೀಡಬಾರದು ಅಂತ ನಾನು ಹೇಳ್ತಿಲ್ಲ. ನೋಡಿ ಬರೆದ ನಕಲು ಹಳೆಯ ಪದ್ಧತಿ, ಉಪಯೋಗದ್ದು. ತೀಡಿದವರು ‘ಇದು ನನ್ನ ಓದು, ನನ್ನ ನಕಲು’ ಅಂತ ಸಹಿ ಹಾಕಲಿ, ಆ ಮಟ್ಟಿಗೆ ಅದು ಅವರದ್ದೇ. ಶಾಸನ ಸಂಪಾದಕರು ಊಹಿಸಿದ ಅಕ್ಷರವನ್ನು ಕಂಸದಲ್ಲಿ ಹಾಕ್ತಾರೆ, ಹೋದ ಜಾಗಕ್ಕೆ ಚುಕ್ಕಿ ಇಡ್ತಾರೆ. ಓದುಗರು ಒಪ್ಪಬಹುದು, ಬಿಡಬಹುದು. ಬಿಳಿ ತುಂಬಿದ ಫೋಟೋದಲ್ಲಿ ಕಂಸ ಎಲ್ಲಿದೆ? ಈಗ ಎಐ ಆ್ಯಪ್‌ಗಳಂತೂ ಸವೆದ ಮುಖಕ್ಕೆ ಮೂಗು, ಮೀಸೆ ಎಲ್ಲ ಕೊಡ್ತಿವೆ. ಬೆಂಗಳೂರಿನ ಮಿಥಿಕ್ ಸೊಸೈಟಿಯವರ ಹಾಗೆ ತ್ರೀಡಿ ಸ್ಕ್ಯಾನ್ ಮಾಡುವವರು ಕಲ್ಲಿನ ಹತ್ತಿರ ಹೋಗಿ ಅದರ ಮೇಲ್ಮೈಯನ್ನೇ ಅಳೆದು ತರ್ತಾರೆ. ಕೂತಲ್ಲೇ ಇನ್ನೊಬ್ಬರ ಫೋಟೋಗೆ ಬಿಳಿ ತುಂಬೋದು ಅದಕ್ಕೆ ಸಮ ಅಲ್ಲ.

ನಾನು ಆ ಕಲ್ಲಿನ ಪಾಠದಲ್ಲಿ ‘ಪ’ ಅಂತಲೇ ಇಟ್ಟಿದ್ದೇನೆ, ಹಾರೆ ಗಾಯವನ್ನು ಅಡಿಟಿಪ್ಪಣಿಯಲ್ಲಿ ಹೇಳಿದ್ದೇನೆ, ಮೇಷ್ಟ್ರ ಮೂಲ ಫೋಟೋವನ್ನೇ ಅವರ ಒಪ್ಪಿಗೆ ಪಡೆದು ಅವರ ಹೆಸರಿನಲ್ಲಿ ಬಳಸಿದ್ದೇನೆ. ಎಡಿಟ್ ಮಾಡಿದವರಿಗೆ ಮೇಷ್ಟ್ರು ಬರೆದಿದ್ದಾರೆ. ದುಡ್ಡು ಕೇಳಿಲ್ಲ. ತಮ್ಮ ಹೆಸರು ಹಾಕಿ, ಆ ಒಂದು ಗೆರೆಯ ಬಿಳಿ ತೆಗೆಯಿರಿ ಅಂತ ಅಷ್ಟೇ ಕೇಳಿದ್ದಾರೆ. ಈ ಬರಹ ಮುಗಿಸುವ ಹೊತ್ತಿಗೆ ಉತ್ತರ ಬಂದಿಲ್ಲ.