ಮೇಸ್ತ್ರಿ ಕೂಲಿ ಎಲ್ಲಿ?

‘ವೀಲರ್ ಡೀಲರ್ಸ್’ ನೋಡಿಲ್ಲದವರಿಗೆ ಮೊದಲು ಎರಡು ಮಾತು. 2003ರಲ್ಲಿ ಬ್ರಿಟನ್ನಿನಲ್ಲಿ ಶುರುವಾದ ಟಿವಿ ಸರಣಿ ಇದು. ಮೈಕ್ ಬ್ರೂವರ್ ಎಂಬ ಕಾರು ವ್ಯಾಪಾರಿ ಒಂದು ಹಳೇ ಗಾಡಿಯನ್ನು ಚೌಕಾಸಿ ಮಾಡಿ ಕೊಂಡು ತರುತ್ತಾನೆ. ಎಡ್ ಚೈನಾ ಎಂಬ ಆಜಾನುಬಾಹು ಮೆಕ್ಯಾನಿಕ್ ಅದನ್ನು ಬಿಚ್ಚಿ, ತೊಳೆದು, ಸರಿಮಾಡುತ್ತಾನೆ. ಕೊನೆಗೆ ಮೈಕ್ ಮತ್ತೆ ಬಂದು ಅದನ್ನು ಮಾರುತ್ತಾನೆ. ಕೊಂಡ ಬೆಲೆ ಇಷ್ಟು, ಬಿಡಿಭಾಗಕ್ಕೆ ಇಷ್ಟು, ಮಾರಿದ್ದು ಇಷ್ಟಕ್ಕೆ, ಲಾಭ ಇಷ್ಟು. ಕೈ ಕುಲುಕಿದರು, ಕಂತು ಮುಗೀತು.

ನಾನು ಈ ಸರಣಿಯ ಅಭಿಮಾನಿ. ಹಳೇ ಕಾರಿನ ಬಗ್ಗೆ ನನಗಿರುವ ಅರ್ಧ ತಿಳಿವಳಿಕೆ ಎಡ್‌ನ ಕಿತ್ತಳೆ ಬಣ್ಣದ ಕೈಗವಸುಗಳಿಂದ ಬಂದದ್ದು. ಆದರೂ ಆ ಕೊನೆಯ ಲೆಕ್ಕದ ಪಟ್ಟಿ ಒಂದು ಸುಳ್ಳು ಹೇಳುತ್ತದೆ ಅನ್ನೋದು ನನ್ನ ತಕರಾರು. ಎಡ್‌ನ ಕಾಲದ ಕಂತುಗಳನ್ನು ಮತ್ತೆ ನೋಡಿ. ಹೊರಗಿನ ಪೇಂಟ್ ಅಂಗಡಿಗೆ ಕೊಟ್ಟ ಹಣ ಪಟ್ಟಿಯಲ್ಲಿ ಬರುತ್ತದೆ. ಹೊಸ ಬ್ರೇಕ್ ಪೈಪಿನ ಬೆಲೆ ಬರುತ್ತದೆ. ಆ ಪೈಪನ್ನು ಹಾಕಿದ, ಗೇರ್‌ಬಾಕ್ಸ್ ಇಳಿಸಿ ಏರಿಸಿದ, ದಿನಗಟ್ಟಲೆ ಗಾಡಿಯ ಕೆಳಗೆ ಮಲಗಿದ ಮನುಷ್ಯನ ದುಡಿಮೆಗೆ ಮಾತ್ರ ಒಂದು ಸಾಲೂ ಇಲ್ಲ. ಅಂಗಡಿ ದರದಲ್ಲಿ ಆ ಕೂಲಿಯನ್ನು ಸೇರಿಸಿದರೆ ಎಷ್ಟೋ ಕಂತುಗಳ ಲಾಭ ಕರಗಿಹೋಗುತ್ತದೆ.

‘ಅದು ಟಿವಿ ಕಣಪ್ಪ, ಅಷ್ಟು ಲೆಕ್ಕ ಯಾಕೆ’ ಅಂತೀರಾ? ಈ ಪ್ರಶ್ನೆ ನನ್ನದಲ್ಲ. ನ್ಯಾಮತಿಯಲ್ಲಿ ನಮ್ಮ ಕಾರು ನೋಡಿಕೊಳ್ಳುವ ಮೇಸ್ತ್ರಿಯವರಿಗೆ ಒಮ್ಮೆ ಫೋನಿನಲ್ಲಿ ಒಂದು ಕಂತು ತೋರಿಸಿದ್ದೆ. ಭಾಷೆ ಅವರಿಗೆ ಅಡ್ಡಿಯಾಗಲಿಲ್ಲ. ಎಡ್ ಸ್ಪ್ಯಾನರ್ ಹಿಡಿಯುವ ರೀತಿ ನೋಡಿಯೇ ‘ಕೆಲ್ಸ ಗೊತ್ತೈತಿ ಇವ್ರಿಗೆ’ ಅಂದರು. ಕೊನೆಯ ಪಟ್ಟಿ ಬಂದಾಗ ಕೇಳಿದ್ದು ಒಂದೇ: ‘ಲಾಭ ಆತು ಸರಿ. ಉದ್ದನೇರಿಗೆ ಸಂಬ್ಳ ಯಾರ್ ಕೊಡ್ತಾರ್ರೀ?’

ನ್ಯಾಮತಿಯ ಮನೆಯಲ್ಲಿರುವುದು 1984ರ ಪ್ರೀಮಿಯರ್ ಪದ್ಮಿನಿ. ದೊಡ್ಡಪ್ಪ ಕೊಂಡದ್ದು. ಆಗ ನ್ಯಾಮತಿ ಶಿವಮೊಗ್ಗ ಜಿಲ್ಲೆಯ ಹೊನ್ನಾಳಿ ತಾಲ್ಲೂಕಿನ ಒಂದು ಊರು. 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಯಿತು, ಆಮೇಲೆ ತಾನೇ ತಾಲ್ಲೂಕಾಯಿತು. ಕಾರು ಮಾತ್ರ ಅದೇ ಶೆಡ್ಡಿನಲ್ಲಿದೆ. 1089 ಸಿಸಿ ಎಂಜಿನ್ನು, ಸ್ಟೇರಿಂಗ್ ಪಕ್ಕದಲ್ಲಿ ಗೇರು, ನಾಲ್ಕು ಚಕ್ರಕ್ಕೂ ಡ್ರಮ್ ಬ್ರೇಕು. ಮುಂಬೈಯ ಕಪ್ಪು-ಹಳದಿ ಟ್ಯಾಕ್ಸಿಯಾಗಿ ದುಡಿದು 2023ರ ಅಕ್ಟೋಬರಿನಲ್ಲಿ ರಸ್ತೆಯಿಂದ ಇಳಿಯಿತಲ್ಲ, ಅದೇ ಗಾಡಿ.

ಇದನ್ನು ಯಾರೂ ‘ರಿಸ್ಟೋರ್’ ಮಾಡಿಲ್ಲ. ಓಡಿಸಿಕೊಂಡು ಬಂದಿದ್ದಾರೆ, ಅಷ್ಟೇ. ಓಡಿಸಿಕೊಂಡು ಬರುವುದು ಅಂದರೆ ಏನು ಅನ್ನುವುದಕ್ಕೆ ಒಂದು ಉದಾಹರಣೆ ಕೊಡ್ತೀನಿ. ಡಿಸ್ಟ್ರಿಬ್ಯೂಟರ್ ಒಳಗೆ ಕಾಂಟ್ಯಾಕ್ಟ್ ಪಾಯಿಂಟ್ ಅಂತ ಒಂದು ಜೋಡಿ ಇರುತ್ತದೆ. ಅವು ತೆರೆದುಕೊಂಡ ಕ್ಷಣಕ್ಕೆ ಸರಿಯಾಗಿ ಸ್ಪಾರ್ಕ್ ಪ್ಲಗ್ಗಿನಲ್ಲಿ ಕಿಡಿ ಹುಟ್ಟಬೇಕು. ನಡುವಿನ ಅಂತರ ಅರ್ಧ ಮಿಲಿಮೀಟರಿಗೂ ಕಡಿಮೆ. ಗಾಡಿ ಓಡಿದಂತೆಲ್ಲ ಪಾಯಿಂಟಿನ ಹಿಮ್ಮಡಿ ಸವೆಯುತ್ತದೆ, ಅಂತರ ಕಿರಿದಾಗುತ್ತದೆ, ಕಿಡಿ ತಡವಾಗುತ್ತದೆ, ಏರಿನಲ್ಲಿ ಗಾಡಿ ಏದುಸಿರು ಬಿಡುತ್ತದೆ. ಆಗ ಕ್ಯಾಪ್ ತೆಗೆದು, ಫೀಲರ್ ಗೇಜ್ ಇಟ್ಟು, ಸ್ಕ್ರೂ ಸಡಿಲಿಸಿ, ಮತ್ತೆ ಹೊಂದಿಸಬೇಕು. ಸ್ಕ್ರೂ ಬಿಗಿ ಮಾಡುವಾಗಲೇ ಅಂತರ ಜರುಗಿಬಿಡುತ್ತದೆ. ಮತ್ತೆ ಮಾಡಿ. ಇದಕ್ಕೆ ಬಿಡಿಭಾಗದ ಖರ್ಚು ಸೊನ್ನೆ. ಬೆಳಗಿನ ಹೊತ್ತು ಪೂರಾ ಹೋಗುತ್ತದೆ.

ಬೇಸಿಗೆಯಲ್ಲಿ ಇನ್ನೊಂದು ಕತೆ. ಎಂಜಿನ್ ಶಾಖಕ್ಕೆ ಪೆಟ್ರೋಲ್ ಪಂಪಿನೊಳಗೇ ಪೆಟ್ರೋಲು ಆವಿಯಾಗಿ, ಕಾರ್ಬೊರೇಟರಿಗೆ ತಲುಪದೆ ಗಾಡಿ ನಿಲ್ಲುತ್ತದೆ. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ, ಮರದ ನೆರಳಲ್ಲಿ ಕಾಯಬೇಕು. ಈಗ 20% ಎಥನಾಲ್ ಬೆರೆಸಿದ ಪೆಟ್ರೋಲು ಬೇರೆ. ಎಥನಾಲು ಹಳೇ ರಬ್ಬರನ್ನು ಮೆತ್ತಗೆ ಮಾಡುತ್ತದೆ, ಗಾಳಿಯ ತೇವ ಹೀರುತ್ತದೆ. ತಿಂಗಳುಗಟ್ಟಲೆ ನಿಂತ ಗಾಡಿಯ ಟ್ಯಾಂಕಿಗೆ ಇದರಿಂದ ತುಕ್ಕಿನ ಭಯ. ಹೋಸ್ ಬದಲಿಸಬೇಕು, ಪಂಪಿನ ಡಯಾಫ್ರಾಮ್ ನೋಡಬೇಕು, ವಾರಕ್ಕೊಮ್ಮೆಯಾದರೂ ಓಡಿಸಬೇಕು. ಇದರಲ್ಲಿ ಯಾವುದೂ ಟಿವಿಯಲ್ಲಿ ಚಂದ ಕಾಣುವುದಿಲ್ಲ. ಮುನ್ನ-ನಂತರ ಅಂತ ಎರಡು ಫೋಟೋ ಹಾಕಿದರೆ ಎರಡೂ ಒಂದೇ ಥರ ಇರುತ್ತವೆ.

ದೊಡ್ಡಪ್ಪನ ಹತ್ತಿರ ಈ ಕಾರಿಗೆಂದೇ ಒಂದು ಉದ್ದನೆಯ ಲೆಕ್ಕದ ಪುಸ್ತಕ ಇದೆ. ಅದರಲ್ಲಿ ಮೂರು ಕಲಂ: ಸಾಮಾನು, ಕೂಲಿ, ಹೊತ್ತು. ‘ಪಾಯಿಂಟ್ ಸೆಟ್ಟಿಂಗ್. ಸಾಮಾನು ಇಲ್ಲ. ಮೇಸ್ತ್ರಿ ಕೂಲಿ. ಊಟದ ಹೊತ್ತಿನ ತನಕ’ ಎಂಬಂಥ ಸಾಲುಗಳು ಪುಟಗಟ್ಟಲೆ ಇವೆ. ತಾವೇ ಕೂತು ಗ್ರೀಸ್ ಹೊಡೆದ ದಿನವೂ ‘ಸ್ವಂತ’ ಅಂತ ಬರೆದು ಹೊತ್ತು ನಮೂದಿಸಿದ್ದಾರೆ. ಇದೇನು ವಿಶೇಷ ಗುಣವಲ್ಲ, ಬೇಸಾಯಗಾರರ ಅಭ್ಯಾಸ. ಸುಲಿಯುವವರ ಕೂಲಿ ಬಿಟ್ಟು ಅಡಿಕೆಯ ಲಾಭ ಹೇಳಿದರೆ ನಮ್ಮ ಕಡೆ ನಗ್ತಾರೆ. ಸರ್ಕಾರ ಮೆಕ್ಕೆಜೋಳಕ್ಕೆ ಬೆಂಬಲ ಬೆಲೆ ನಿಗದಿ ಮಾಡುವಾಗಲೂ ಕೈಯಿಂದ ಹೋದ ಖರ್ಚಿನ ಜೊತೆಗೆ ಮನೆಯವರ ದುಡಿಮೆಗೂ ಒಂದು ಬೆಲೆ ಕಟ್ಟಿ ಸೇರಿಸುತ್ತದೆ. ಆ ಬೆಲೆ ಸಾಲದು ಅಂತ ರೈತರು ಜಗಳಾಡುವುದು ಬೇರೆ ಮಾತು. ಕನಿಷ್ಠ ಅಲ್ಲೊಂದು ಸಾಲಾದರೂ ಇದೆ. ಜಗತ್ತೆಲ್ಲ ನೋಡುವ ಕಾರು ಸರಣಿಯಲ್ಲಿ ಅದೂ ಇಲ್ಲ.

ಲೆಕ್ಕದಲ್ಲಿ ಕಾಣದ ಕೆಲಸಕ್ಕೆ ಪರದೆಯಿಂದಲೂ ಜಾಗ ಖಾಲಿ ಮಾಡು ಅನ್ನುವ ದಿನ ಬರುತ್ತದೆ. ಈ ಸರಣಿಗೆ ಆಗಿದ್ದೂ ಅದೇ. 2017ರ ಮಾರ್ಚಿನಲ್ಲಿ ಎಡ್ ಚೈನಾ ಸರಣಿ ಬಿಟ್ಟ. ಅಮೆರಿಕದ ಚಾನೆಲ್‌ನವರಿಗೆ ವರ್ಕ್‌ಶಾಪಿನ ಭಾಗ ಚಿತ್ರೀಕರಿಸುವುದು ಕಷ್ಟವಾಗಿ ಕಂಡಿತ್ತು, ಆ ವಿವರಗಳನ್ನು ಕಡಿಮೆ ಮಾಡಬೇಕು ಅಂದರು, ಅದಕ್ಕೆ ತಾನು ಒಪ್ಪಲಿಲ್ಲ ಎಂದು ಅವನೇ ವೀಡಿಯೊ ಮಾಡಿ ಹೇಳಿದ. ನೋಡುಗರಲ್ಲಿ ಅನೇಕರು ಸಿಟ್ಟಾದರು. ಅವರು ಟಿವಿ ಹಾಕುತ್ತಿದ್ದದ್ದೇ ಆ ಭಾಗಕ್ಕೆ. ಅವನ ಜಾಗಕ್ಕೆ ಬೇರೆಯವರು ಬಂದರು, ಸರಣಿ ನಿಲ್ಲಲಿಲ್ಲ, ಕೊನೆಯ ಕೈಕುಲುಕಾಟವೂ ನಿಲ್ಲಲಿಲ್ಲ.

ಈಗ ನಾವು ಫೋನಿನಲ್ಲಿ ನೋಡುವ ವೀಡಿಯೊಗಳು ಇನ್ನೊಂದು ಹೆಜ್ಜೆ ಮುಂದೆ ಹೋಗಿವೆ. ತುಕ್ಕು ಹಿಡಿದ ಪದ್ಮಿನಿ, ಒಂದು ಚಿಟಿಕೆ, ಹೊಳೆಯುವ ಪದ್ಮಿನಿ. ಅಲಾಯ್ ವೀಲು, ಕ್ರೋಮ್ ಬಂಪರು, ಹಿನ್ನೆಲೆಯಲ್ಲಿ ಹಳೇ ಹಾಡು. ಆ ಚಿಟಿಕೆಯೊಳಗೆ ಒಬ್ಬ ಟಿಂಕರ್ ಮೇಸ್ತ್ರಿಯ ವಾರಗಟ್ಟಲೆ ಸುತ್ತಿಗೆ ಪೆಟ್ಟು, ಜೆ.ಸಿ. ರಸ್ತೆಯಲ್ಲಿ ಯಾರೋ ಅಲೆದ ಅಲೆದಾಟ, ಶಿವಾಜಿನಗರದ ಗುಜರಿಯಲ್ಲಿ ಸಿಗದೇ ಹೋದ ಹ್ಯಾಂಡಲ್ಲು, ಎಲ್ಲ ಸೇರಿಹೋಗಿವೆ. ನೋಡಲಿಕ್ಕೆ ಚಂದ, ಒಪ್ಕೋತೀನಿ. ಆದರೆ ಇದನ್ನು ನೋಡಿ ಬೆಳೆದವರು ಗ್ಯಾರೇಜಿಗೆ ಹೋದಾಗ ಏನು ಕೇಳ್ತಾರೆ ಗೊತ್ತಾ? ‘ಪಾರ್ಟ್ ಏನೂ ಹಾಕಿಲ್ವಲ್ಲ, ಮತ್ತೆ ದುಡ್ಡು ಯಾಕೆ?’ ನಮ್ಮ ಮೇಸ್ತ್ರಿಯವರಿಗೆ ಈ ಮಾತು ಹಳೇದು. ಅವರ ಮಗ ಹೊಸ ಗಾಡಿಗಳ ಸ್ಕ್ಯಾನರ್ ಕೆಲಸ ಕಲಿತಿದ್ದಾನೆ. ಪಾಯಿಂಟ್ ಹೊಂದಿಸುವುದನ್ನು ಕಲಿತಿಲ್ಲ, ಕಲಿಯುವ ಕಾರಣವೂ ಅವನಿಗಿಲ್ಲ. ಯಾರೂ ದುಡ್ಡು ಕೊಡದ ವಿದ್ಯೆಯನ್ನು ಹುಡುಗ ಯಾಕೆ ಕಲೀಬೇಕು?

ಕಾನೂನಿನ ಕಣ್ಣೂ ಹೊಳಪಿನ ಕಡೆಗೇ. 2021ರ ಕೇಂದ್ರದ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲ ರೂಪದಲ್ಲಿರುವ ಗಾಡಿ ‘ವಿಂಟೇಜ್’. ಅದಕ್ಕೆ ಬೇರೆ ನಂಬರ್ ಪ್ಲೇಟು, ಹೊಸ ನೋಂದಣಿಗೆ 20,000 ರೂಪಾಯಿ, ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಅಂದರೆ ನಿಂತರೆ ಗೌರವ. 40 ವರ್ಷದ, ವಾರಕ್ಕೊಮ್ಮೆ ಹೊನ್ನಾಳಿಗೋ ಸವಳಂಗಕ್ಕೋ ಹೋಗಿಬರುವ ಗಾಡಿಗೆ ‘ಹಳೇದು’ ಅನ್ನೋದೊಂದೇ ಹೆಸರು. ಅಂಥ ಕಾರಿನ ಮರುನೋಂದಣಿ ಶುಲ್ಕ 2022ರ ಏಪ್ರಿಲಿನಲ್ಲಿ 600ರಿಂದ 5,000 ರೂಪಾಯಿಗೆ ಏರಿತು.

ಎದುರುವಾದಕ್ಕೂ ಬೆಲೆ ಇದೆ. ಪದ್ಮಿನಿಯಲ್ಲಿ ಏರ್‌ಬ್ಯಾಗ್ ಇಲ್ಲ, ಮಳೆಯಲ್ಲಿ ನೆನೆದ ಡ್ರಮ್ ಬ್ರೇಕು ನಂಬುವ ಹಾಗಿಲ್ಲ, ಹೊಗೆ ಇವತ್ತಿನ ಕಾರಿಗಿಂತ ಹೆಚ್ಚು. ಇಂಥ ಗಾಡಿಗಳು ರಸ್ತೆ ತುಂಬ ಇರಲಿ ಅಂತ ನಾನು ಹೇಳಲಾರೆ. ಭಾನುವಾರ ಬಿಡುವಿದ್ದವರ, ಶೆಡ್ಡು ಇದ್ದವರ ಹವ್ಯಾಸ ಇದು ಅನ್ನುವುದೂ ನಿಜ. ಎಡ್ ಚೈನಾ ಪರದೆಯ ಮೇಲೆ ಪುಕ್ಕಟೆ ದುಡಿದಂತೆ ಕಾಣಬಹುದು, ಅವನಿಗೆ ಟಿವಿಯವರು ಕೊಡ್ತಾರೆ. ನ್ಯಾಮತಿಯ ಮೇಸ್ತ್ರಿಗೆ ಕೊಡಬೇಕಾದವರು ನಾವೇ. ಮನೆಯಲ್ಲೇ ಸ್ಪ್ಯಾನರ್ ಹಿಡಿದು ಕೂತರೆ ಆಗುವ ದೊಡ್ಡ ಉಪಯೋಗ ಇದೇ ಅನ್ನಿಸುತ್ತದೆ. ಉಳಿತಾಯ ಅಷ್ಟಕ್ಕಷ್ಟೆ. ಒಂದು ಬೆಳಗ್ಗೆ ಪೂರ್ತಿ ಅರ್ಧ ಮಿಲಿಮೀಟರಿನ ಹಿಂದೆ ಬಿದ್ದವರು ಇನ್ನೊಬ್ಬರ ಬಿಲ್ಲನ್ನು ಓದುವ ರೀತಿ ಬದಲಾಗುತ್ತದೆ.

ಹಾಗಾದರೆ ‘ವೀಲರ್ ಡೀಲರ್ಸ್’ ನೋಡಬೇಕಾ? ಖಂಡಿತ ನೋಡಿ, ಎಡ್ ಇರುವ ವರ್ಷಗಳನ್ನು ನೋಡಿ. ಕೆಲಸವನ್ನು ಇಷ್ಟು ಗೌರವದಿಂದ, ಇಷ್ಟು ಬಿಡಿಸಿ ತೋರಿಸಿದ ಕಾರು ಸರಣಿ ನಾನು ಬೇರೆ ಕಂಡಿಲ್ಲ. ನಡುವಿನ ಅರ್ಧ ಗಂಟೆಯಲ್ಲಿ ಅದು ಕಲಿಸುವುದನ್ನು ಕೊನೆಯ ಒಂದು ನಿಮಿಷ ಅಳಿಸಿಹಾಕುತ್ತದೆ. ಅದಕ್ಕೇ ನನ್ನ ಸಲಹೆ ಇಷ್ಟು: ಪಕ್ಕದಲ್ಲೊಂದು ಹಾಳೆ ಇಟ್ಟುಕೊಂಡು ಮೂರು ಕಲಂ ಎಳೆಯಿರಿ. ಎರಡು ಮತ್ತು ಮೂರನೆಯದನ್ನು ನೀವೇ ತುಂಬಿ. ಲಾಭವೋ ನಷ್ಟವೋ, ಆಮೇಲೆ ಹೇಳಿ.